ಅರ್ಧ ಟಿಕೆಟ್ಟು

ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ನಿಂತೇ ಇದ್ದವಳು ನಾನು.
ದಾವಣಗೆರೆ, ಆನಗೋಡು, ಭರಮಸಾಗರ, ದುರ್ಗ;
ದುರ್ಗ, ಭರಮಸಾಗರ, ಆನಗೋಡು, ದಾವಣಗೆರೆ.
ಮಗುವನ್ನು ಸೆರಗಿನಡಿ ಕುಗ್ಗಿಸಿ ಕೂತ ತಾಯಂದಿರನ್ನು
"ಎಷ್ಟಮ್ಮ ವಯಸ್ಸು?" ಅಂದರೆ
"ಐದೂ ತುಂಬಿಲ್ಲಕ್ಕಾ" ಅನ್ನೋರು.
ಸೆರಗಿನೊಳಗಿಂದ ಒಂದು ದನಿ:
"ನಾನು ಎರಡನೇ ಕ್ಲಾಸು!"

ನಿವೃತ್ತಿಯಾದ ಮೇಲೆ, ಮಂಡಿನೋವಿನ ಜೊತೆಗೆ, ಈ ಕೆಲಸ.
ಸಂಬಳವಿಲ್ಲ. ಕೊರಳಿಗೊಂದು ಗುರುತಿನ ಚೀಟಿ,
ಅದರಲ್ಲಿ ಕರಿಬಸಮ್ಮ ಹೋಗಿ ಕರಿಬಸಪ್ಪ ಆಗಿದೆ.
"ಯಾರ ಮಕ್ಕಳಿಗೋ ನೀನ್ಯಾಕೆ ಅಲಿತೀಯೇ?"
ಅನ್ನುತ್ತಾಳೆ ಪಕ್ಕದ ಮನೆಯ ಹಾಲಮ್ಮ.
ಯಾರ ಮಕ್ಕಳಿಗೋ. ಹೌದು,
ಅಷ್ಟೇ ಈ ಹುದ್ದೆಯ ಹೆಸರು.

ನನ್ನ ಪಾಲಿಗೆ ಬಂದವನು ತಿಪ್ಪೇಶ.
ಅಪ್ಪನ ಹೆಸರಿನ ಜಾಗದಲ್ಲಿ ಗೆರೆ,
ಅಮ್ಮನ ಹೆಸರಿನ ಮುಂದೆ ಒಂದು ತಾರೀಖು.
ಎರಡು ಪೋಷಕ ಮನೆ ದಾಟಿ ಮೂರನೆಯದರಲ್ಲಿದ್ದ,
ಮಂಡಕ್ಕಿ ಭಟ್ಟಿಯ ಹೊಗೆ ಒಣಹಾಕಿದ ಬಟ್ಟೆಗೆಲ್ಲ ಹತ್ತುವ ಓಣಿಯಲ್ಲಿ.
ಫೈಲು ದಪ್ಪ, ಹುಡುಗ ಸಣಕಲು.
ಒಂದು ಪುಟ: ಹೊಂದಿಕೊಂಡಿದ್ದಾನೆ.
ಇನ್ನೊಂದು ಪುಟ: ವಸ್ತು ಹಾಳುಮಾಡುವ ಚಾಳಿ,
ಮೂರು ಹೊದಿಕೆ ಹರಿದಿದ್ದಾನೆ.

ಮೊದಲ ಶನಿವಾರ ಅವನು ಗೋಡೆ ನೋಡಿದ. ನಾನೂ ಗೋಡೆ ನೋಡಿದೆ.
ಎರಡನೇ ಶನಿವಾರ ಮಂಡಕ್ಕಿ ಪೊಟ್ಟಣ ಬಿಚ್ಚಿದೆ;
ಮೆಣಸಿನಕಾಯಿ ಮಾತ್ರ ಎತ್ತಿಕೊಂಡ.
ಮೂರನೇ ವಾರ ನನಗೆ ಜ್ವರ.
ನಾಲ್ಕನೇ ವಾರ ಬಾಗಿಲಲ್ಲೇ ನಿಂತು
"ಹೋದ ವಾರ ಬರ್ಲೇ ಇಲ್ಲ" ಅಂದ,
ಬೈದ ಹಾಗೆ.
ಬೈಸಿಕೊಂಡು ಇಷ್ಟು ಹಗುರಾಗಿದ್ದು ನಾನು ಕಾಣೆ.

ದಿಂಬಿನ ಕೆಳಗಿಂದ ತೆಗೆದು ತೋರಿಸಿದ:
ಹೊದಿಕೆಯ ಅಂಚಿನ ಮೂರು ಎಳೆ,
ಬಿಗಿಯಾಗಿ ಹೆಣೆದ ಜಡೆ, ತುದಿಗೆ ಕೆಂಪು ದಾರ.
"ಸಣ್ಣಿಗೆ ಹಿಂಗೇ ಹಾಕ್ಬೇಕು. ಅಮ್ಮ ಕಲಿಸಿದ್ಲು.
ಬಿಟ್ರೆ ಕೈಗೆ ಮರ್ತೋಗುತ್ತೆ."

ಫೈಲನ್ನು ಮತ್ತೆ ತಿರುವಿದೆ. ಸಣ್ಣಿ ಎಲ್ಲೂ ಇಲ್ಲ.
ಸುಚಿತ್ರಾ, ಆರು ವರ್ಷ, ಅಂತ ಒಬ್ಬಳು
ಚಿತ್ರದುರ್ಗದ ಬೀರುವಿನಲ್ಲಿ, ಬೇರೆ ಬಣ್ಣದ ಫೈಲಿನಲ್ಲಿದ್ದಳು.
ಎರಡು ಜಿಲ್ಲೆ, ಎರಡು ಬೀರು, ಎರಡು ಬೀಗ.
ನಡುವೆ ನಾನು ಇಪ್ಪತ್ತೆಂಟು ವರ್ಷ ಓಡಾಡಿದ ರಸ್ತೆ.

ಸಮಿತಿಯ ಮೇಜಿನ ಮೇಲೆ ಜಡೆ ಇಟ್ಟೆ.
ಅಧ್ಯಕ್ಷರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.
"ಏನಮ್ಮಾ ಇದು?"
"ಹಾಳುಮಾಡಿದ ವಸ್ತು, ಸಾರ್."
ಮುಂದಿನದ್ದೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.
"ಒಳಗೆ ನಡೀರಿ, ಒಳಗೆ ನಡೀರಿ" ಎಂದು
ತುಂಬಿದ ಬಸ್ಸನ್ನು ಆಳಿದ ಗಂಟಲು
ಆ ಫ್ಯಾನಿನ ಕೆಳಗೆ ಕೈಕೊಟ್ಟಿತು.
ಕೊನೆಗೆ ಅವನೇ ಕೇಳಿದ:
"ಅಲ್ಲಿಯವ್ರು ಅವಳ ಕೂದ್ಲು ಕತ್ತರಿಸ್ಬಾರ್ದು ಅಂತ
ಫೋನ್ ಮಾಡ್ತೀರಾ?"

ಫೋನು ಅವತ್ತೇ ಹೋಯಿತು. ಆದೇಶಕ್ಕೆ ಏಳು ವಾರ.
ಇಬ್ಬರಿಗೂ ಒಂದೇ ಮನೆ ಇನ್ನೂ ಸಿಕ್ಕಿಲ್ಲ,
ಸಿಗುತ್ತದೆಂದು ನಾನು ಅವನಿಗೆ ಹೇಳಿಯೂ ಇಲ್ಲ.
ಸಿಕ್ಕಿದ್ದು ಒಂದು ದಿನದ ಭೇಟಿ,
ಹೋಗುವಾಗ ಬರುವಾಗ ನಾನು ಜೊತೆ.

ನನಗೆ ಶೂನ್ಯ ಟಿಕೆಟ್ಟು ಹರಿದುಕೊಟ್ಟ
ಮೀಸೆ ಮೂಡದ ಕಂಡಕ್ಟರು ಕೇಳಿದ: "ಹುಡುಗಂಗೆ ಅರ್ಧನಾ?"
ಫೈಲಿನಲ್ಲಿ ಹನ್ನೊಂದು. ಹೂಂ ಅನ್ನಲು ಬಾಯಿ ತೆರೆದೆ.
"ಪೂರ್ತಿ ಕೊಡಿ" ಅಂದ ತಿಪ್ಪೇಶ,
"ಮೊನ್ನೆ ಗುರುವಾರಕ್ಕೆ ಹನ್ನೆರಡು ತುಂಬ್ತು."

ಗುರುವಾರ ಯಾರೂ ಬರೆದುಕೊಂಡಿರಲಿಲ್ಲ.
ನಾನೂ.
ಸಂಚಿಯಲ್ಲಿ ಚಿಲ್ಲರೆ ಎಣಿಸುವಾಗ
ನನ್ನ ಬೆರಳು ಯಾಕೋ ಲೆಕ್ಕ ತಪ್ಪಿದವು.

ಭರಮಸಾಗರ ದಾಟಿತು. ದೂರದ ಗುಡ್ಡದ ಮೇಲೆ
ಗಾಳಿಯಂತ್ರಗಳು ಮೂರು ಮೂರು ರೆಕ್ಕೆ ತಿರುಗಿಸುತ್ತಿದ್ದವು.
ಅವನ ಬೆರಳು ಮೊಣಕಾಲ ಮೇಲೆ
ಬಲದ್ದು ನಡುವೆ, ಎಡದ್ದು ನಡುವೆ.
"ದುರ್ಗ ಬಂತಾ?"
"ಇನ್ನೂ ಎರಡು ಸ್ಟಾಪು."
ಬಾಚಣಿಗೆ ಜೇಬಿನಲ್ಲೇ ಇದೆಯಾ ಅಂತ
ಮತ್ತೊಮ್ಮೆ ಮುಟ್ಟಿ ನೋಡಿಕೊಂಡ.